ಮಾರ್ಗರೆಟ್ ಬೋರ್ಕ್-ವೈಟ್: ಸ್ಕ್ಯಾನ್ ಇಲ್ಲದ ಕಾಲದ ಪಾರ್ಕಿನ್ಸನ್ ಶಸ್ತ್ರಚಿಕಿತ್ಸೆ

ಚರಕದ ಹಿಂದೆ ಕುಳಿತು ಓದುತ್ತಿರುವ ಗಾಂಧೀಜಿಯ ಕಪ್ಪು-ಬಿಳುಪು ಚಿತ್ರವನ್ನು ನೀವು ನೋಡಿರಬಹುದು. 1946ರಲ್ಲಿ ಅದನ್ನು ತೆಗೆದವರು ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬೋರ್ಕ್-ವೈಟ್. ಕೆಲವೇ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಹಿಡಿಯಿತು. ಇಂದು ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಇಷ್ಟೊಂದು ಸ್ಕ್ಯಾನ್ ಏಕೆ ಮಾಡಿಸುತ್ತಾರೆ ಎಂಬುದು ಅವರ ಬದುಕಿನಿಂದ ಚೆನ್ನಾಗಿ ಅರ್ಥವಾಗುತ್ತದೆ.

ಕ್ಯಾಮೆರಾ ಹಿಡಿದ ಬದುಕು

ಮಾರ್ಗರೆಟ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕ್‌ನಲ್ಲಿ. 1936ರಲ್ಲಿ ಹೊರಬಂದ ಲೈಫ್ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟ ಚಿತ್ರ ಅವರದೇ. ಎರಡನೇ ಮಹಾಯುದ್ಧದ ರಣರಂಗ, ಬುಕೆನ್‌ವಾಲ್ಡ್ ಸೆರೆಶಿಬಿರ, ಭಾರತ ವಿಭಜನೆಯ ನಿರಾಶ್ರಿತರು, ಎಲ್ಲವನ್ನೂ ಅವರು ಸೆರೆಹಿಡಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯನ್ನು ಸಂದರ್ಶಿಸಿದ ಕೆಲವೇ ಗಂಟೆಗಳಲ್ಲಿ ಅವರ ಹತ್ಯೆಯಾಯಿತು.

ಮೊದಲ ಸೂಚನೆಗಳು

1950ರ ದಶಕದ ಆರಂಭದಲ್ಲಿ ಕೊರಿಯಾ ಯುದ್ಧದ ವರದಿಗೆ ಹೋಗಿದ್ದ ದಿನಗಳಲ್ಲೇ ಎಡಗಾಲಿನಲ್ಲಿ ಮಂದ ನೋವು ಕಾಣಿಸಿಕೊಂಡಿತು. ಆಗಾಗ ಹೆಜ್ಜೆ ತಪ್ಪುತ್ತಿತ್ತು. ನಂತರ ಬೆರಳುಗಳು ಬಿಗಿದವು. ಕೆಲಸ ಕೈತಪ್ಪುವ ಭಯದಿಂದ ಅವರು ಕಾಯಿಲೆಯನ್ನು ಹಲವು ವರ್ಷ ಮುಚ್ಚಿಟ್ಟರು. ಕಾಗದವನ್ನು ಮುದ್ದೆ ಮಾಡುವಂಥ ವ್ಯಾಯಾಮಗಳಿಂದ ಬೆರಳುಗಳಿಗೆ ಚಲನೆ ಕೊಡುತ್ತಿದ್ದರು. ಇಂದು ಮುಖ್ಯ ಔಷಧಿಯಾಗಿರುವ ಲೆವೊಡೋಪಾ ಆಗ ಚಿಕಿತ್ಸೆಗೆ ಬಂದಿರಲಿಲ್ಲ.

ಎರಡು ಶಸ್ತ್ರಚಿಕಿತ್ಸೆಗಳು

1959ರಲ್ಲಿ ನ್ಯೂಯಾರ್ಕ್‌ನ ನರಶಸ್ತ್ರಚಿಕಿತ್ಸಕ ಡಾ. ಇರ್ವಿಂಗ್ ಕೂಪರ್ ಅವರಿಗೆ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ವರ್ಷ ಲೈಫ್ ಪತ್ರಿಕೆಯಲ್ಲಿ ತಮ್ಮ ಕಾಯಿಲೆಯ ಕಥೆಯನ್ನು ಮಾರ್ಗರೆಟ್ ಬಹಿರಂಗಪಡಿಸಿದರು. 1961ರಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ನಡೆಯಿತು. ನಡುಕ ನಿಂತಿತು. ಆದರೆ ಮಾತು ಅಸ್ಪಷ್ಟವಾಯಿತು.

ಆ ಕಾಲದ ಶಸ್ತ್ರಚಿಕಿತ್ಸೆಯೆಂದರೆ ಮೆದುಳಿನ ಆಳದ ಒಂದು ಸಣ್ಣ ಭಾಗವನ್ನು ಶಾಶ್ವತವಾಗಿ ನಾಶಪಡಿಸುವುದು. ಆ ಭಾಗ ವೈದ್ಯರ ಕಣ್ಣಿಗೆ ಕಾಣುತ್ತಿರಲಿಲ್ಲ. ಮೆದುಳಿನ ಕುಹರಗಳಿಗೆ ಗಾಳಿ ಅಥವಾ ಬಣ್ಣದ ದ್ರವ ತುಂಬಿಸಿ ಎಕ್ಸ್-ರೇ ತೆಗೆದು, ಗುರಿ ಎಲ್ಲಿರಬಹುದೆಂದು ಲೆಕ್ಕ ಹಾಕುತ್ತಿದ್ದರು. ರೋಗಿ ಎಚ್ಚರವಾಗಿದ್ದು, ಕೈ ಎತ್ತಿ, ಮಾತನಾಡಿ ತೋರಿಸುವುದೇ ದೊಡ್ಡ ಪರೀಕ್ಷೆ.

1963ರಲ್ಲಿ ಮಾರ್ಗರೆಟ್ ಆತ್ಮಕಥೆ ಪ್ರಕಟಿಸಿದರು. 1971ರ ಆಗಸ್ಟ್ 27ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡರು. ಸುಮಾರು ಒಂದು ತಿಂಗಳ ನಂತರ, ಅಕ್ಟೋಬರ್ 1ರಂದು, ಲಂಡನ್‌ನಲ್ಲಿ ಜಗತ್ತಿನ ಮೊದಲ ರೋಗಿಯ ಮೆದುಳಿನ ಸಿಟಿ ಸ್ಕ್ಯಾನ್ ನಡೆಯಿತು.

ಈಗ ಏನು ಬದಲಾಗಿದೆ?

ಇಂದು ಹೆಚ್ಚಾಗಿ ಮಾಡುವುದು ಡಿಬಿಎಸ್, ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಇದರಲ್ಲಿ ತೆಳುವಾದ ತಂತಿಯ ಮೂಲಕ ಮೆದುಳಿಗೆ ಸಣ್ಣ ವಿದ್ಯುತ್ ಸ್ಪಂದನ ಕೊಡುತ್ತಾರೆ. ಗುರಿ ಸಾಮಾನ್ಯವಾಗಿ ಸಬ್‌ಥಾಲಮಿಕ್ ನ್ಯೂಕ್ಲಿಯಸ್. ಅದರ ಗಾತ್ರ ಕೆಲವೇ ಮಿಲಿಮೀಟರ್.

• ಎಂಆರ್‌ಐ ಆ ಗುರಿಯನ್ನೂ ದಾರಿಯಲ್ಲಿರುವ ರಕ್ತನಾಳಗಳನ್ನೂ ತೋರಿಸುತ್ತದೆ. ರಕ್ತನಾಳ ತಪ್ಪಿಸಿ ತಂತಿಯ ಹಾದಿ ನಿರ್ಧರಿಸುತ್ತಾರೆ.
• ತಲೆಗೆ ಚೌಕಟ್ಟು ಕಟ್ಟಿ ತೆಗೆದ ಸಿಟಿಯನ್ನು ಎಂಆರ್‌ಐ ಜೊತೆ ಕಂಪ್ಯೂಟರ್‌ನಲ್ಲಿ ಜೋಡಿಸಿದರೆ ನಿಖರ ಅಳತೆ ಸಿಗುತ್ತದೆ.
• ತಲೆಬುರುಡೆ ತೆರೆದಾಗ ಮೆದುಳು ಸ್ವಲ್ಪ ಸರಿಯಬಹುದು. ಹಾಗಾಗಿ ತಂತಿ ಸರಿಯಾದ ಜಾಗದಲ್ಲಿದೆಯೇ ಎಂದು ನಂತರವೂ ಸ್ಕ್ಯಾನ್ ಮಾಡುತ್ತಾರೆ.

ಡಿಬಿಎಸ್‌ನ ಪ್ರಮಾಣವನ್ನು ಹೆಚ್ಚು-ಕಡಿಮೆ ಮಾಡಬಹುದು. ಮಾತು ತೊದಲಿದರೆ ಹೊಂದಿಸಿ ನೋಡಬಹುದು. ಮಾರ್ಗರೆಟ್ ಅವರಿಗೆ ಆ ಅವಕಾಶ ಇರಲಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ: ರಕ್ತಸ್ರಾವ, ಸೋಂಕು, ಮಾತಿನ ತೊಂದರೆ ಈಗಲೂ ಆಗಬಹುದು. ಡಿಬಿಎಸ್ ಕಾಯಿಲೆಯನ್ನು ಗುಣಪಡಿಸುವುದೂ ಇಲ್ಲ.

ವೈದ್ಯರನ್ನು ಏನು ಕೇಳಬೇಕು?

• ಲೆವೊಡೋಪಾದಿಂದ ನನಗೆ ಎಷ್ಟು ಪ್ರಯೋಜನವಾಗುತ್ತಿದೆ? ಅದಕ್ಕೆ ಬಗ್ಗದ ಸಮತೋಲನದ ತೊಂದರೆ ಸಾಮಾನ್ಯವಾಗಿ ಡಿಬಿಎಸ್‌ಗೂ ಬಗ್ಗುವುದಿಲ್ಲ.
• ನನ್ನ ಮಾತು ಮತ್ತು ನೆನಪಿನ ಶಕ್ತಿಯನ್ನು ಮೊದಲೇ ಪರೀಕ್ಷಿಸುತ್ತೀರಾ?
• ಸಾಧನ ಅಳವಡಿಸಿದ ಮೇಲೆ ಎಂಆರ್‌ಐ ಮಾಡಿಸಬಹುದೇ, ಯಾವ ಷರತ್ತುಗಳ ಮೇಲೆ?

ಆರೈಕೆ ಮಾಡುವವರೂ ಈ ಭೇಟಿಗೆ ಜೊತೆಯಲ್ಲಿ ಹೋಗಿ. ಮಾತು ಬದಲಾಗುತ್ತಿರುವುದನ್ನು ಎಷ್ಟೋ ಸಲ ಮೊದಲು ಗಮನಿಸುವವರು ಮನೆಯವರೇ.