ಲೆಕ್ಕ ಕೇಳಿದವರಿಗೆ ಲೆಕ್ಕದಲ್ಲೇ ಉತ್ತರ

ಸರ್ ಎಂ. ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಶ್ರೀರಂಗಪಟ್ಟಣದ ಬಳಿಯ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಯೋಜನೆ ಮುಂದಿಟ್ಟಾಗ ಹಣಕಾಸು ಅಧಿಕಾರಿಗಳು ಹಿಂಜರಿದರು. ಹಾಕಿದ ದುಡ್ಡು ಹಿಂತಿರುಗುವುದೇ ಎಂಬುದೇ ಅವರ ಚಿಂತೆ.

ವಿಶ್ವೇಶ್ವರಯ್ಯನವರ ವಾದ ಕಲ್ಲು, ಗಾರೆಯಲ್ಲೇ ನಿಲ್ಲಲಿಲ್ಲ. ನೀರು ಸಂಗ್ರಹಿಸಿದರೆ ಬೇಸಿಗೆಯಲ್ಲೂ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟುತ್ತದೆ, ಅದನ್ನು ಕೋಲಾರದ ಚಿನ್ನದ ಗಣಿಗೆ ಮಾರಿದರೆ ಆದಾಯ ಬರುತ್ತದೆ, ಜಮೀನಿಗೂ ನೀರು ಸಿಗುತ್ತದೆ ಎಂದು ತೋರಿಸಿಕೊಟ್ಟರು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ಸಿಕ್ಕಿ ಕೆಲಸ ಶುರುವಾಯಿತು.

ಸಂದರ್ಶನಕ್ಕೆ ಹೊರಟ ಗೆಳೆಯರೇ, ಪ್ರಾಜೆಕ್ಟ್ ಚೆನ್ನಾಗಿದ್ದರಷ್ಟೇ ಸಾಲದು. ಎದುರು ಕೂತವರ ಚಿಂತೆ ಏನೆಂದು ಅರಿತು ಅದಕ್ಕೆ ಉತ್ತರ ಕೊಡಬೇಕು. ಪಾಂಡವಪುರದ ಗದ್ದೆಗಳಿಗೆ ಇಂದಿಗೂ ಹರಿಯುವ ನಾಲೆಯ ನೀರು ಇದಕ್ಕೆ ಸಾಕ್ಷಿ.