ಔಷಧದ ಪೆಟ್ಟಿಗೆಯೂ ದೇವರ ಕರೆಯೂ

ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವರೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಿಗೆ ಬೆಳಗಾಗುವ ಮುನ್ನವೇ ಹೊರಡುವವರೂ ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಭಾನುವಾರದ ಬಲಿಪೂಜೆಗೇ ಬಿಡುವಾಗದಿರುವಾಗ ಪ್ರಾರ್ಥನೆಗೆ ಸಮಯವೆಲ್ಲಿ ಎಂಬುದು ಅವರ ಕೊರಗು. ದುಡಿಮೆಯ ದಿನಗಳಲ್ಲಿ ದೇವರಿಂದ ದೂರವಾದೆವೆಂದು ನೊಂದುಕೊಳ್ಳುವ ಇಂಥವರಿಗೆ ಮಂಗಳೂರಿನ ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಯವರ ಬದುಕು ಸಾಂತ್ವನವನ್ನೂ ಮಾರ್ಗದರ್ಶನವನ್ನೂ ನೀಡಬಲ್ಲದು.

1841ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾದಲ್ಲಿ ಜನಿಸಿದ ಮುಲ್ಲರ್ ತಾರುಣ್ಯದಲ್ಲಿಯೇ ಯೇಸುಸಭೆಯನ್ನು ಸೇರಿದರು. ಸಕಲ ಸಂಗತಿಗಳಲ್ಲಿಯೂ ದೇವರನ್ನು ಅರಸಬೇಕೆಂಬುದು ಆ ಸಭೆಯ ಸಂಸ್ಥಾಪಕರಾದ ಸಂತ ಇಗ್ನೇಷಿಯಸರ ಬೋಧನೆ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳ ಮೊದಲ ತಂಡದಲ್ಲಿ ಮುಲ್ಲರ್ ಅವರೂ ಒಬ್ಬರು. ಅವರ ಬಳಿ ಹೋಮಿಯೋಪಥಿ ಔಷಧಗಳ ಒಂದು ಪೆಟ್ಟಿಗೆಯಿತ್ತು.

1880ರಲ್ಲಿ ಆರಂಭಗೊಂಡ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಪಾಲಿಗೆ ಬಂದ ಕೆಲಸ. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಅವರು ತಮ್ಮ ಪೆಟ್ಟಿಗೆಯ ಔಷಧವನ್ನು ಕೊಟ್ಟರು. ಸುದ್ದಿ ಹಬ್ಬಿ ಊರಿನ ಬಡವರೂ ಬರತೊಡಗಿದರು. ಅಧ್ಯಾಪಕರಿಗೆ ಇದು ತೊಡಕೆನಿಸಬಹುದಿತ್ತು. ಮುಲ್ಲರ್ ಅದನ್ನೇ ಕರೆಯೆಂದು ಕೈಗೆತ್ತಿಕೊಂಡರು. ಅದೇ ವರ್ಷ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರ ಔಷಧಾಲಯ ಆರಂಭವಾಯಿತು. ಸಮಾಜವು ದೂರವಿಟ್ಟಿದ್ದ ಕುಷ್ಠರೋಗ ಪೀಡಿತರಿಗಾಗಿ 1890ರಲ್ಲಿ ಆಶ್ರಯಧಾಮ ತೆರೆಯಿತು. ಪ್ಲೇಗ್ ಮಾರಿ ಬಂದೆರಗಿದಾಗ ಆ ರೋಗಿಗಳಿಗೂ ಅಲ್ಲಿ ಆರೈಕೆ ದೊರೆಯಿತು.

ಮುಲ್ಲರ್ ಸ್ವಾಮಿಯವರ ದಿನಚರಿಯಲ್ಲಿ ಪವಾಡಗಳನ್ನು ಹುಡುಕಬೇಕಾಗಿಲ್ಲ. ರೋಗಿಯ ಅಳಲನ್ನು ಆಲಿಸುವುದು, ಔಷಧ ಕೊಡುವುದು, ದೂರದವರಿಗೆ ಅಂಚೆಯ ಮೂಲಕ ಅದನ್ನು ಕಳುಹಿಸುವುದು, ಮತ್ತೆ ಮರುದಿನ ಅದನ್ನೇ ಮಾಡುವುದು. ಹೀಗೆ ಮೂವತ್ತು ವರ್ಷಗಳು ಸಂದವು. ರೋಗಿಗಳಿಗೂ ದರಿದ್ರರಿಗೂ ಮಾಡಿದ್ದು ತಮಗೇ ಮಾಡಿದ್ದೆಂದು ಪ್ರಭು ಯೇಸು ಹೇಳಿದುದನ್ನು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ಮುಲ್ಲರ್ ಅದನ್ನು ನಿತ್ಯವೂ ಬಾಳಿದರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. ಆಲದ ಮರದಡಿಯ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ.

ನಿತ್ಯದ ಕೆಲಸವು ಬಲಿಪೂಜೆಗೆ ಬದಲಿಯಾಗದು, ನಿಜ. ಆದರೆ ಬಲಿಪೀಠದಲ್ಲಿ ಅರ್ಪಿಸಬೇಕಾದದ್ದು ಆರು ದಿನಗಳ ನಮ್ಮ ಬಾಳನ್ನೇ ಅಲ್ಲವೇ? ಹೊಸದಾಗಿ ಸೇರಿದ ಕೂಲಿಯಾಳಿಗೆ ಯಂತ್ರದ ಅಪಾಯವನ್ನು ತಾಳ್ಮೆಯಿಂದ ತಿಳಿಸುವಾಗ, ಕೆಲಸ ಕಳೆದುಕೊಂಡ ಸಹೋದ್ಯೋಗಿಯ ಮಾತಿಗೆ ಕಿವಿಗೊಡುವಾಗ, ಪಾಳಿ ಮುಗಿಸಿ ಬಂದ ಪತಿಗೋ ಪತ್ನಿಗೋ ಬಿಸಿ ಊಟ ಬಡಿಸುವಾಗ ದೇವರು ನಮ್ಮ ಬಳಿಯಲ್ಲಿಯೇ ಇರುತ್ತಾರೆ. ನಮ್ಮ ಕೆಲಸಕ್ಕೆ ಅಡ್ಡಿಯೆಂಬಂತೆ ಎದುರು ಬಂದು ನಿಂತವರಲ್ಲಿ ಅವರನ್ನು ಗುರುತಿಸುವ ಕಣ್ಣು ನಮಗೂ ಲಭಿಸಲಿ.