ಸವೆದ ಬ್ರೇಕಿಗೆ ಚರ್ಮ ತೊಡಿಸಿದ ಬರ್ತಾ ಬೆಂಜ್

ಬೆಂಗಳೂರು: ಮಳೆಗಾಲದ ಬೆಳಗು. ಕುಕ್ ಟೌನ್‌ನ ಮಿಲ್ಟನ್ ಸ್ಟ್ರೀಟ್, ವೀಲರ್ ರಸ್ತೆಗಳ ಬದಿಯಲ್ಲಿ ರಾತ್ರಿಯಿಡೀ ನೆನೆದು ನಿಂತ ಕಾರುಗಳು ಹೊರಡುವಾಗ, ಮೊದಲ ಬಾರಿ ಬ್ರೇಕ್ ತುಳಿದೊಡನೆ ಕರಕರ ಸದ್ದು ಕೇಳಿಸುವುದುಂಟು. ಡಿಸ್ಕಿನ ಮೇಲೆ ಕುಳಿತ ತೆಳು ತುಕ್ಕು ಕಾರಣವಾಗಿದ್ದರೆ, ನಾಲ್ಕಾರು ಬಾರಿ ಬ್ರೇಕ್ ಹಾಕುವಷ್ಟರಲ್ಲಿ ಸದ್ದು ಅಡಗುತ್ತದೆ. ಅಡಗದೆ ಉಳಿದರೆ, ಲೋಹವು ಲೋಹವನ್ನು ಅರೆಯುತ್ತಿದೆಯೆಂದು ಶಂಕಿಸಬೇಕು.

ಹಾಗೆ ಅರೆಯದಂತೆ ನಡುವೆ ನಿಂತು, ತಾನೇ ಸವೆಯುವ ಪದರವೇ ಬ್ರೇಕ್ ಲೈನಿಂಗ್. ಮೋಟಾರು ವಾಹನಕ್ಕೆ ಅದನ್ನು ಮೊದಲು ತೊಡಿಸಿದ ಕೀರ್ತಿ ಸಲ್ಲುವುದು ಯಾವುದೇ ಕಾರ್ಖಾನೆಗಲ್ಲ. ಇಬ್ಬರು ಮಕ್ಕಳೊಂದಿಗೆ ತವರಿಗೆ ಹೊರಟಿದ್ದ ಒಬ್ಬ ಗೃಹಿಣಿಗೆ. ಅವರೇ ಜರ್ಮನಿಯ ಬರ್ತಾ ಬೆಂಜ್.

ಬಂಡವಾಳ ಹೂಡಿದ ವಧು

ಬರ್ತಾ ರಿಂಗರ್ 1849ರ ಮೇ 3ರಂದು ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದರು. ತಂದೆ ಅನುಕೂಲಸ್ಥ ಬಡಗಿ ಹಾಗೂ ಕಟ್ಟಡ ನಿರ್ಮಾಣಗಾರ. ಮತ್ತೆ ಹೆಣ್ಣೇ ಹುಟ್ಟಿತೆಂಬ ನಿರಾಸೆಯ ಮಾತು ಮನೆಯ ಬೈಬಲ್ಲಿನಲ್ಲಿ ಬರೆದಿದ್ದುದನ್ನು ಆಕೆ ಬಾಲ್ಯದಲ್ಲಿಯೇ ಓದಿದ್ದರೆಂಬ ಪ್ರತೀತಿಯಿದೆ.

ಯಂತ್ರಶಿಲ್ಪಿ ಕಾರ್ಲ್ ಬೆಂಜ್ ಮಾನ್‌ಹೈಮ್‌ನಲ್ಲಿ ಆರಂಭಿಸಿದ್ದ ಕಾರ್ಯಾಗಾರವು ಪಾಲುದಾರನ ದೆಸೆಯಿಂದ ಮುಳುಗುವ ಹಂತ ತಲುಪಿದಾಗ, ಬರ್ತಾ ತಮ್ಮ ಪಾಲಿನ ವರದಕ್ಷಿಣೆ ಹಣವನ್ನು ಮದುವೆಗೆ ಮುನ್ನವೇ ಪಡೆದು, ಆ ಪಾಲುದಾರನ ಭಾಗವನ್ನು ಬಿಡಿಸಿಕೊಟ್ಟರು. 1872ರ ಜುಲೈನಲ್ಲಿ ವಿವಾಹ ನಡೆಯಿತು. ಅಂದಿನ ಕಾನೂನು ವಿವಾಹಿತೆಗೆ ತನ್ನ ಹಣದ ಮೇಲೆ ಸ್ವತಂತ್ರ ಅಧಿಕಾರ ನೀಡುತ್ತಿರಲಿಲ್ಲ. ಹೀಗಾಗಿ ಹೂಡಿಕೆ ಆಕೆಯದಾದರೂ ಹೆಸರು ಪತಿಯದಾಯಿತು. 1886ರ ಜನವರಿ 29ರಂದು ಸಲ್ಲಿಕೆಯಾದ ಮೋಟಾರು ವಾಹನದ ಹಕ್ಕುಪತ್ರದ ಅರ್ಜಿಯಲ್ಲಿಯೂ ಬರ್ತಾ ಅವರ ಹೆಸರಿಲ್ಲ.

ಬೆಳಗಿನ ಗುಟ್ಟಿನ ಪಯಣ

ವಾಹನ ಸಿದ್ಧವಾಯಿತು; ಆದರೆ ಕೊಳ್ಳುವವರು ಬರಲಿಲ್ಲ. ಕುದುರೆಯಿಲ್ಲದ ಗಾಡಿಯಲ್ಲಿ ದೂರ ಹೋಗಬಹುದೆಂಬ ನಂಬಿಕೆಯೇ ಜನರಲ್ಲಿರಲಿಲ್ಲ. ಸಂಸಾರದ ಗಂಟೆಲ್ಲ ಅದರಲ್ಲಿ ಅಡಗಿತ್ತು.

1888ರ ಆಗಸ್ಟ್‌ನಲ್ಲಿ ಒಂದು ಬೆಳಗಿನ ಜಾವ, ಪತಿಗೆ ತಿಳಿಸದೆ, ಬರ್ತಾ ಮಕ್ಕಳಾದ ಯೂಗೆನ್ ಮತ್ತು ರಿಚರ್ಡ್ ಜೊತೆಗೂಡಿ ಮೂರು ಚಕ್ರದ ಆ ವಾಹನವನ್ನು ಹೊರಡಿಸಿದರು. ಗುರಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರು.

ದಾರಿಯುದ್ದಕ್ಕೂ ದುರಸ್ತಿಯೇ. ಇಂಧನ ಮುಗಿದಾಗ ವೀಸ್‌ಲೋಕ್ ಊರಿನ ಔಷಧದಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕವನ್ನು ಕೊಂಡರು. ಇಂಧನ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ವಿದ್ಯುತ್ ತಂತಿಯ ಹೊದಿಕೆ ಹರಿದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಏರುಗಳಲ್ಲಿ ಮಕ್ಕಳು ಇಳಿದು ನೂಕಿದರು.

ಏರಿಗಿಂತ ಇಳಿಜಾರು ಅಪಾಯಕಾರಿಯಾಗಿತ್ತು. ಬ್ರೇಕಿನ ಮರದ ತುಂಡುಗಳು ಉಜ್ಜಿ ಉಜ್ಜಿ ಸವೆದು ಹಿಡಿತ ಕಳೆದುಕೊಂಡಿದ್ದವು. ಬೌಶ್ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಗಾಡಿ ನಿಲ್ಲಿಸಿ, ಪಾದರಕ್ಷೆ ಹೊಲಿಯುವವನೊಬ್ಬನಿಂದ ಆ ತುಂಡುಗಳಿಗೆ ಚರ್ಮ ಹೊಡೆಸಿಕೊಂಡರು. ಚರ್ಮ ಸವೆದರೆ ಬದಲಿಸಬಹುದು, ಅದರಡಿಯ ಬ್ರೇಕ್ ಉಳಿಯುತ್ತದೆ. ಇಂದಿಗೂ ಎಲ್ಲ ಬ್ರೇಕ್ ಪ್ಯಾಡುಗಳು ನಡೆಯುವುದು ಇದೇ ಉಪಾಯದ ಮೇಲೆ.

ಸಂಜೆಗೆ ತವರು ಸೇರಿದ ಅವರು ಪತಿಗೆ ತಂತಿ ಕಳುಹಿಸಿದರು. ಪಯಣದ ಸುದ್ದಿ ಹಬ್ಬಿತು. ಬರ್ತಾ ಕಂಡು ಬಂದ ಕೊರತೆಗಳನ್ನು ಆಧರಿಸಿ ಕಾರ್ಲ್ ವಾಹನಕ್ಕೆ ಏರು ಹತ್ತಲು ಹೆಚ್ಚುವರಿ ಗೇರ್ ಅಳವಡಿಸಿದರು.

ಮನೆಯಂಗಳದ ಪರೀಕ್ಷೆ

ಬರ್ತಾ ಅವರ ಕ್ರಮ ಸರಳ: ನಿಲ್ಲಿಸು, ನೋಡು, ಸವೆದುದನ್ನು ಬದಲಿಸು. ಇಂದಿನ ಕಾರಿಗೂ ಇದು ಸಲ್ಲುತ್ತದೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಇಟ್ಟು, ಮುಂಚಕ್ರ ಕಳಚಬೇಕು. ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಪ್ಯಾಡಿನ ಸವೆಯುವ ಪದರ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಿಸುವ ಕಾಲ ಬಂದಿದೆ. ಕೀಚು ದನಿ ಸಾಮಾನ್ಯವಾಗಿ ಮುನ್ಸೂಚನೆ. ಕರಕರ ದನಿಯೊಂದಿಗೆ ಡಿಸ್ಕಿನಲ್ಲಿ ಆಳವಾದ ಗೀರುಗಳಿದ್ದರೆ, ಪದರ ಮುಗಿದು ಹಿಂಬದಿಯ ಉಕ್ಕೇ ಉಜ್ಜುತ್ತಿದೆ ಎಂದರ್ಥ. ಆಗ ಡಿಸ್ಕಿಗೂ ಖರ್ಚು ಬೀಳುತ್ತದೆ.

ಪ್ಯಾಡ್ ದಪ್ಪಗಿದ್ದೂ ಸದ್ದಿದ್ದರೆ, ಡಿಸ್ಕಿನ ಹಿಂದಿನ ತಗಡಿಗೆ ಕಲ್ಲು ಸಿಕ್ಕಿರಬಹುದು. ಒಂದೇ ಬದಿಯ ಪ್ಯಾಡ್ ಸವೆದಿದ್ದರೆ, ಕ್ಯಾಲಿಪರ್ ಸರಿಯುವ ಪಿನ್ನುಗಳು ಬಿಗಿದಿರುವುದು ಸಾಮಾನ್ಯ ಕಾರಣ. ಅದನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಪ್ಯಾಡುಗಳನ್ನು ಎರಡೂ ಮುಂಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಕಾರು ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯುವುದನ್ನು ಮರೆತರೆ, ಮೊದಲ ತಿರುವಿನಲ್ಲಿಯೇ ಬ್ರೇಕ್ ಹಿಡಿಯದೆ ಹೋದೀತು. ಪೆಡಲ್ ಮೆತ್ತಗಾದರೆ ಅಥವಾ ದ್ರವ ಸೋರಿದ್ದರೆ ಕಾರನ್ನು ಓಡಿಸಲೇಬಾರದು; ಮೆಕ್ಯಾನಿಕ್‌ರನ್ನೇ ಕರೆಸಬೇಕು.

ಬ್ರೇಕಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಚರ್ಮದ ನಂತರ ದಶಕಗಳ ಕಾಲ ಲೈನಿಂಗ್‌ಗಳಲ್ಲಿ ಬಳಕೆಯಾದ ಕಲ್ನಾರು ಕ್ಯಾನ್ಸರಿಗೆ ಕಾರಣವೆಂದು ತಿಳಿದದ್ದು ತಡವಾಗಿ.

ತಡವಾಗಿ ಬಂದ ಗೌರವ

ಕಾರ್ಲ್ 1929ರ ಏಪ್ರಿಲ್‌ನಲ್ಲಿ ನಿಧನರಾದರು. ಬರ್ತಾ ಲಾಡೆನ್‌ಬರ್ಗ್‌ನ ಮನೆಯಲ್ಲಿ ಇನ್ನೂ 15 ವರ್ಷ ಬಾಳಿದರು. ಪತಿ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ 1944ರ ಮೇ 3ರಂದು, ಅವರ 95ನೇ ಹುಟ್ಟುಹಬ್ಬದ ದಿನ, ಗೌರವ ಸೆನೆಟರ್ ಪದವಿ ನೀಡಿತು. ಎರಡೇ ದಿನಗಳಲ್ಲಿ ಅವರು ಕಣ್ಮುಚ್ಚಿದರು. 2008ರಲ್ಲಿ ಅವರ ಪಯಣದ ಹಾದಿಯನ್ನು ಜರ್ಮನಿಯಲ್ಲಿ ಸ್ಮಾರಕ ಮಾರ್ಗವಾಗಿ ಗುರುತಿಸಲಾಯಿತು.

ಬೆಂಜ್ ಹೆಸರಿನ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿಯೂ ಇದೆ. ಆ ಹೆಸರು ಕೇಳಿದಾಗ ನಮಗೆ ನೆನಪಾಗುವುದು ಕಾರ್ಲ್ ಒಬ್ಬರೇ. ಹಣ ಹೂಡಿದವರು, ಗಾಡಿ ಓಡಿಸಿ ತೋರಿಸಿದವರು, ಇಳಿಜಾರಿನ ಮುಂದೆ ನಿಂತು ಬ್ರೇಕ್ ಸರಿಪಡಿಸಿಕೊಂಡವರು ಇನ್ನೊಬ್ಬರಿದ್ದರು. ಅಂದು ಬರ್ತಾ ಸವೆತವನ್ನು ಕಡೆಗಣಿಸಿ ಮುಂದೆ ಸಾಗಿದ್ದರೆ, ಗಾಡಿಯೊಂದಿಗೆ ಮಕ್ಕಳಿಬ್ಬರ ಜೀವವೂ ಪಣಕ್ಕೆ ಬೀಳುತ್ತಿತ್ತು. ನಾಳೆ ಬೆಳಗ್ಗೆ ಕರಕರ ಸದ್ದು ಕೇಳಿಸಿದಾಗ ಸಂಗೀತದ ದನಿ ಏರಿಸುವ ಬದಲು ಕಾರು ನಿಲ್ಲಿಸಿ ನೋಡುವುದು ಲೇಸು.